ಪರದೇಶಕ್ಕೆ ರೊಕ್ಕ ಒಯ್ಯುವುದು ಹೇಗೆ? ಟವೆಲ್ ಕೆಳಗಿನ ಲೆಕ್ಕ

ಗದಗದಿಂದ ನಮ್ಮಕ್ಕ ಬಂದಾಗ ಅವಳ ಕೈಯಲ್ಲಿ ಎರಡು ಚೀಲ ಇದ್ದವು. ಒಂದರಲ್ಲಿ ಅಂಟಿನ ಉಂಡೆಗೆ ಬೇಕಾದ ಸಾಮಾನು. ಇನ್ನೊಂದರಲ್ಲಿ ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿದ ಐನೂರರ ನೋಟುಗಳು. ಒಟ್ಟು ಒಂದೂವರೆ ಲಕ್ಷ ರೂಪಾಯಿ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದಳು, ಹೆಚ್ಚುಕಡಿಮೆ ಆರು ತಿಂಗಳಿಗೆ. ಗಂಟು ಬಿಚ್ಚಿ ನನ್ನ ಮುಂದೆ ಇಟ್ಟು, "ಇದನ್ನ ಅಲ್ಲಿಗೆ ಹೆಂಗ ಒಯ್ಯೂದು ಹೇಳವಾ ತಂಗಿ. ಸೀರಿ ನಡುವ ಇಟ್ಕೊಂಡು ಹೋದ್ರ ನಡೀತೈತೇನು?" ಎಂದು ಕೇಳಿದಳು.

ನಾನು ಹುಬ್ಬಳ್ಳಿಯ ಒಂದು ಬ್ಯಾಂಕಿನಲ್ಲಿ ವಿದೇಶಿ ವಿನಿಮಯದ ಕೌಂಟರ್‌ನಲ್ಲಿ ಹನ್ನೊಂದು ವರ್ಷ ಕೂತವಳು. ಈ ಪ್ರಶ್ನೆಯನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಮಗನ ಘಟಿಕೋತ್ಸವಕ್ಕೆ ಲಂಡನ್ನಿಗೆ ಹೊರಟ ಧಾರವಾಡದ ಮಾಸ್ತರರು, ಉಮ್ರಾಕ್ಕೆ ಹೊರಟ ಹಳೇ ಹುಬ್ಬಳ್ಳಿಯ ಗಂಡ ಹೆಂಡತಿ, ನೇಪಾಳದ ಮುಕ್ತಿನಾಥಕ್ಕೆ ಹೊರಟ ಹಾವೇರಿಯ ಭಜನಾ ಮಂಡಳಿಯವರು. ಎಲ್ಲರ ಭಯವೂ ಒಂದೇ: ದಾರಿಯಲ್ಲಿ ರೊಕ್ಕ ಕಳುವಾದರೆ? ಆ ಭಯ ಸಹಜ. ಆದರೆ ನಾನು ಕಂಡಂತೆ ಕಳ್ಳರ ಪಾಲಾಗುವ ರೊಕ್ಕ ಬಹಳ ಕಡಿಮೆ. ರೂಪಾಯಿ ಡಾಲರ್ ಆಗುವಾಗ, ಡಾಲರ್ ಥಾಯ್ಲೆಂಡಿನ ಬಾತ್ ಆಗುವಾಗ, ಉಳಿದ ಬಾತ್ ಮತ್ತೆ ರೂಪಾಯಿ ಆಗುವಾಗ ಸೋರಿ ಹೋಗುವುದೇ ಜಾಸ್ತಿ. ಪ್ರತಿ ಸಲ ನೋಟಿನ ಬಣ್ಣ ಬದಲಾದಾಗ ಯಾರೋ ಒಬ್ಬರು ತಮ್ಮ ಪಾಲು ತೆಗೆದುಕೊಳ್ಳುತ್ತಾರೆ. ಆ ಪಾಲು ಎಲ್ಲಿದೆ ಎಂದು ಕಣ್ಣಿಗೆ ಬಿದ್ದರೆ ಉಳಿದದ್ದೆಲ್ಲ ಸುಲಭ.

ದರದ ಮೇಲಿನ ಟವೆಲ್

ಹಾವೇರಿಯ ದನದ ಸಂತೆಯಲ್ಲಿ ಎತ್ತಿನ ವ್ಯಾಪಾರ ನೋಡಿದ್ದೀರಾ? ಕೊಳ್ಳುವವನು, ದಲಾಲಿ ಇಬ್ಬರೂ ಕೈ ಹಿಡಿದುಕೊಳ್ಳುತ್ತಾರೆ. ಮೇಲೆ ಒಂದು ಟವೆಲ್ ಹೊದಿಸುತ್ತಾರೆ. ಬೆರಳು ಹಿಡಿದು, ಬೆರಳು ಬಿಟ್ಟು ದರ ಕುದುರುತ್ತದೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ವಿದೇಶಿ ಹಣದ ವ್ಯಾಪಾರವೂ ಹಾಗೇ. ಶುಲ್ಕ ಅಂತ ರಸೀದಿಯಲ್ಲಿ ಬರೆಯುವುದು ಟವೆಲ್ ಮೇಲಿನದು. ನಿಜವಾದ ದಲಾಲಿ ದರದೊಳಗೆ, ಟವೆಲ್ ಕೆಳಗೆ ಇರುತ್ತದೆ.

ಲೆಕ್ಕ ಸುಲಭವಾಗಲಿ ಅಂತ ಒಂದು ಡಾಲರ್‌ಗೆ ಮಾರುಕಟ್ಟೆಯಲ್ಲಿ 90 ರೂಪಾಯಿ ಎಂದುಕೊಳ್ಳೋಣ. ಇದು ಬ್ಯಾಂಕು ಬ್ಯಾಂಕುಗಳ ನಡುವಿನ ದರ. ಮೊಬೈಲಿನಲ್ಲಿ ಹುಡುಕಿದರೆ ಕಾಣುವುದೂ ಹೆಚ್ಚುಕಡಿಮೆ ಇದೇ. ನೀವು ಕೌಂಟರಿಗೆ ಹೋದಾಗ ಅಲ್ಲಿ ಎರಡು ದರ ಇರುತ್ತವೆ. ಅವರು ನಿಮಗೆ ಮಾರುವುದು 93ಕ್ಕೆ, ನಿಮ್ಮಿಂದ ಕೊಳ್ಳುವುದು 87ಕ್ಕೆ ಎನ್ನೋಣ. ನೀವು 1,000 ಡಾಲರ್ ಕೊಂಡರೆ 93,000 ರೂಪಾಯಿ ಕೊಡುತ್ತೀರಿ. ಅದರಲ್ಲಿ 3,000 ರೂಪಾಯಿ ದರದೊಳಗೇ ಹೋಯಿತು. ಮೇಲೆ ಜಿಎಸ್‌ಟಿ ಬೇರೆ. 1 ಲಕ್ಷದವರೆಗಿನ ವಿನಿಮಯಕ್ಕೆ ಮೊತ್ತದ ಶೇ. 1ನ್ನು ಸೇವೆಯ ಬೆಲೆ ಎಂದು ಹಿಡಿದು, ಅದಕ್ಕೆ ಶೇ. 18 ತೆರಿಗೆ ಹಾಕುತ್ತಾರೆ. 93,000ಕ್ಕೆ 167 ರೂಪಾಯಿ ಚಿಲ್ಲರೆ ಬರುತ್ತದೆ. ನನ್ನ ಕೌಂಟರಿನ ಮುಂದೆ ಜನ ಈ 167 ರೂಪಾಯಿಗೆ ಜಗಳ ಆಡುತ್ತಿದ್ದರು. ಆ 3,000ದ ಬಗ್ಗೆ ಕೇಳಿದವರು ಕಡಿಮೆ. ಯಾಕೆಂದರೆ ಅದು ರಸೀದಿಯಲ್ಲಿ ಎಲ್ಲೂ ಬರೆದಿರುವುದಿಲ್ಲ.

ಹಾಗಾಗಿ "ಕಮಿಷನ್ ಎಷ್ಟು?" ಎಂದು ಕೇಳಬೇಡಿ. "ಎಲ್ಲ ಸೇರಿ ನನ್ನ ಕೈಯಿಂದ ಎಷ್ಟು ರೂಪಾಯಿ ಹೋಗುತ್ತದೆ, ನನ್ನ ಕೈಗೆ ಎಷ್ಟು ಡಾಲರ್ ಬರುತ್ತದೆ?" ಎಂದು ಕೇಳಿ. ಒಂದನ್ನು ಇನ್ನೊಂದರಿಂದ ಭಾಗಿಸಿ. ಅದೇ ನಿಮ್ಮ ನಿಜವಾದ ದರ. ಎರಡು ಮೂರು ಕಡೆ ಒಂದೇ ದಿನ, ಒಂದೇ ಹೊತ್ತಿನಲ್ಲಿ ಕೇಳಿ. "ಕಮಿಷನ್ ಇಲ್ಲ" ಎಂದು ದೊಡ್ಡ ಬೋರ್ಡು ಹಾಕಿದ ಕಡೆ ಇನ್ನೂ ಚೆನ್ನಾಗಿ ಕೇಳಿ.

ನಮ್ಮ ಕಡೆಯವರಿಗೆ ಇಲ್ಲೊಂದು ತೊಂದರೆ ಇದೆ. ಹುಬ್ಬಳ್ಳಿಯಿಂದ ನೇರ ವಿದೇಶಕ್ಕೆ ವಿಮಾನ ಇಲ್ಲ. ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಮುಂದೆ. ಗಡಿಬಿಡಿಯಲ್ಲಿ ಹಲವರು "ಏರ್‌ಪೋರ್ಟಿನಲ್ಲೇ ತಗೊಂಡ್ರಾಯ್ತು" ಎಂದುಬಿಡುತ್ತಾರೆ. ವಿಮಾನ ನಿಲ್ದಾಣದ ಕೌಂಟರಿನ ದರ ಸಾಮಾನ್ಯವಾಗಿ ಎಲ್ಲಕ್ಕಿಂತ ದುಬಾರಿ. ನಿಮಗೆ ಬೇರೆ ದಾರಿ ಇಲ್ಲ ಎಂದು ಅವರಿಗೆ ಗೊತ್ತು. ಊರಲ್ಲೇ, ಹೊರಡುವ ಒಂದು ವಾರ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ. ಎಲ್ಲ ಶಾಖೆಗಳಲ್ಲೂ ವಿದೇಶಿ ನೋಟು ಇರುವುದಿಲ್ಲ. ತರಿಸಿಕೊಡಲು ಅವರಿಗೂ ಒಂದೆರಡು ದಿನ ಬೇಕು.

ಅಕ್ಕನ ಗಂಟು ಮತ್ತು ಕಾನೂನು

ಈಗ ಅಕ್ಕನ ಒಂದೂವರೆ ಲಕ್ಷಕ್ಕೆ ಬರೋಣ. ಮೊದಲನೆಯದಾಗಿ, ಅಷ್ಟು ರೂಪಾಯಿ ನೋಟನ್ನು ದೇಶದ ಹೊರಗೆ ಒಯ್ಯುವ ಹಾಗೇ ಇಲ್ಲ. ಒಬ್ಬರಿಗೆ 25,000 ರೂಪಾಯಿ ಮಿತಿ. ಒಯ್ದರೂ ಅಮೆರಿಕದ ಅಂಗಡಿಯಲ್ಲಿ ಅದು ಬರೀ ಕಾಗದ. ಎರಡನೆಯದಾಗಿ, ನಗದು ಕೊಟ್ಟು ಡಾಲರ್ ಕೊಳ್ಳುವುದಕ್ಕೂ ಮಿತಿ ಇದೆ. 50,000 ರೂಪಾಯಿ ದಾಟಿದರೆ ಖಾತೆಯಿಂದ, ಚೆಕ್ಕಿನಿಂದ ಅಥವಾ ಕಾರ್ಡಿನಿಂದಲೇ ಕೊಡಬೇಕು. ಹಾಗಾಗಿ ಮೊದಲ ಕೆಲಸ, ಗಂಟನ್ನು ವಾಪಸ್ ಅವಳ ಖಾತೆಗೆ ಹಾಕಿಸಿದ್ದು. ಅಕ್ಕನಿಗೆ ಅದು ಸರಿ ಕಾಣಲಿಲ್ಲ. ಕಣ್ಣಿಗೆ ಕಾಣುವ ರೊಕ್ಕದ ಧೈರ್ಯವೇ ಬೇರೆ, ಅಲ್ವಾ?

ಡಾಲರ್ ಕೊಳ್ಳಲು ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ಯಾನ್ ಬೇಕು. ಎ2 ಎಂಬ ಅರ್ಜಿ ತುಂಬಬೇಕು. ಪ್ರಯಾಣಕ್ಕೆ 60 ದಿನ ಮುಂಚಿನಿಂದ ಕೊಳ್ಳಬಹುದು. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎಲ್ಲ ಕಾರಣಗಳಿಗೂ ಸೇರಿ 2,50,000 ಡಾಲರ್‌ವರೆಗೆ ಕಳಿಸಬಹುದು, ಒಯ್ಯಬಹುದು. ನಮ್ಮಂಥವರಿಗೆ ಆ ಮಿತಿ ಮುಟ್ಟುವ ಪ್ರಶ್ನೆಯೇ ಇಲ್ಲ. ಆದರೆ ಅದರೊಳಗೆ ನೋಟಿನ ರೂಪದಲ್ಲಿ ಸಿಗುವುದು ಒಂದು ಪ್ರಯಾಣಕ್ಕೆ 3,000 ಡಾಲರ್ ಮಾತ್ರ. ಉಳಿದದ್ದು ಕಾರ್ಡಿನಲ್ಲಿ. ಹಜ್, ಉಮ್ರಾ ಯಾತ್ರಿಕರಿಗೆ ಮತ್ತು ಬೆರಳೆಣಿಕೆಯ ಕೆಲವು ದೇಶಗಳಿಗೆ ಹೋಗುವವರಿಗೆ ಈ ಮಿತಿ ಸಡಿಲ.

ಟಿಸಿಎಸ್, ಅಂದರೆ ರೊಕ್ಕ ಕಟ್ಟುವಾಗಲೇ ಮುಂಗಡವಾಗಿ ಹಿಡಿದುಕೊಳ್ಳುವ ತೆರಿಗೆ. ಅದರ ಹೆಸರು ಕೇಳಿ ಹೆದರುವವರು ಬಹಳ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೇಲಷ್ಟೇ ಡಾಲರ್ ಕೊಳ್ಳುವಾಗ ಅದನ್ನು ಹಿಡಿಯುತ್ತಾರೆ. ಏಜೆನ್ಸಿಯವರ ವಿದೇಶ ಟೂರ್ ಪ್ಯಾಕೇಜಿಗೆ ಮಾತ್ರ ಮೊದಲ ರೂಪಾಯಿಯಿಂದಲೇ ಇದೆ. ಇದು ಕಳೆದುಹೋಗುವ ದುಡ್ಡಲ್ಲ. ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮಾ ಆಗಿರುತ್ತದೆ. ರಿಟರ್ನ್ಸ್ ಸಲ್ಲಿಸಿ ತೆರಿಗೆಗೆ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ರಿಟರ್ನ್ಸ್ ಸಲ್ಲಿಸುವ ರೂಢಿ ಇಲ್ಲದ ಹಿರಿಯರು ಇದನ್ನು ಹಾಗೇ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ಇನ್ನೊಂದು ಮಾತು. "ಅಲ್ಲಿ ನಮ್ಮ ಪರಿಚಯದವರು ಡಾಲರ್ ಕೊಡ್ತಾರ, ಇಲ್ಲಿ ನಾವು ಅವರ ಮನಿಗೆ ರೂಪಾಯಿ ಮುಟ್ಟಿಸಿದ್ರಾತು" ಎಂಬ ಏರ್ಪಾಡು ನಮ್ಮಲ್ಲಿ ಮಾಮೂಲಿ ಎಂಬಂತೆ ನಡೆಯುತ್ತದೆ. ಕೈಬದಲಿಯ ಹಾಗೆ ಕಾಣುತ್ತದೆ. ಆದರೆ 1999ರ ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಇದನ್ನು ಒಪ್ಪುವುದಿಲ್ಲ. ವಿದೇಶಿ ಹಣವನ್ನು ರಿಸರ್ವ್ ಬ್ಯಾಂಕಿನ ಪರವಾನಗಿ ಇರುವವರಿಂದಲೇ ಕೊಳ್ಳಬೇಕು, ರಸೀದಿ ಇಟ್ಟುಕೊಳ್ಳಬೇಕು.

ಕೈಯಲ್ಲಿ ಎಷ್ಟು ನೋಟು?

ನೋಟು ಬೇಕೇ ಬೇಕು. ಇಳಿದ ದಿನ ಕಾರ್ಡು ನಡೆಯದಿದ್ದರೆ ಟ್ಯಾಕ್ಸಿಗೆ, ನೀರಿಗೆ, ಒಂದು ರಾತ್ರಿಯ ಊಟಕ್ಕೆ ಅದೇ ಗತಿ. ಆದರೆ ನೋಟು ಕಳೆದರೆ ಕಳೆದಂತೆಯೇ. ಆದ್ದರಿಂದ ಮೊದಲ ಮೂರ್ನಾಲ್ಕು ದಿನಕ್ಕೆ ಸಾಕಾಗುವಷ್ಟು ನೋಟು ಇದ್ದರೆ ಸಾಕು ಎನ್ನುವುದು ನನ್ನ ಅಭಿಪ್ರಾಯ. ದೇಶ ನೋಡಿ ಇದು ಬದಲಾಗುತ್ತದೆ. ಸ್ವೀಡನ್‌ನಲ್ಲಿ ಎಷ್ಟೋ ಅಂಗಡಿಗಳು ನಗದನ್ನೇ ಮುಟ್ಟುವುದಿಲ್ಲ. ಜಪಾನಿನ ಸಣ್ಣ ಹೋಟೆಲುಗಳಲ್ಲಿ, ದೇವಸ್ಥಾನಗಳಲ್ಲಿ ಈಗಲೂ ನಗದೇ ನಡೆಯುತ್ತದೆ.

ಯಾವ ನೋಟು? ಡಾಲರ್, ಯೂರೋ, ಪೌಂಡ್, ದಿರ್ಹಮ್, ಸಿಂಗಪುರ ಡಾಲರ್ ನಡೆಯುವ ದೇಶಕ್ಕೆ ಹೋಗುವುದಾದರೆ ಇಲ್ಲಿಯೇ ಆ ನೋಟು ಕೊಳ್ಳಿ. ಒಂದೇ ಸಲ ಬಣ್ಣ ಬದಲಾಗುತ್ತದೆ. ದುಬೈಗೆ ಹೋಗುವವರು ಡಾಲರ್ ಒಯ್ದು ಅಲ್ಲಿ ದಿರ್ಹಮ್ ಮಾಡಿಸಿದರೆ ಎರಡು ಸಲ ದಲಾಲಿ ಕೊಟ್ಟಂತೆ. ಆದರೆ ವಿಯೆಟ್ನಾಂ, ಇಂಡೊನೇಷ್ಯಾದಂಥ ದೇಶಗಳ ನೋಟು ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ, ಸಿಕ್ಕರೂ ದರ ತೀರಾ ಕೆಟ್ಟದಾಗಿರುತ್ತದೆ. ಅಲ್ಲಿಗೆ ಡಾಲರ್ ಒಯ್ದು ಅಲ್ಲೇ ಬದಲಾಯಿಸುವುದು ಮೇಲು. ಅಂಥ ಕಡೆ 100 ಡಾಲರಿನ ನೋಟಿಗೆ ಒಳ್ಳೆಯ ದರ, 5, 10ರ ನೋಟುಗಳಿಗೆ ಕಡಿಮೆ ದರ ಕೊಡುವ ರೂಢಿ ಇದೆ. ಮಡಿಕೆ ಬಿದ್ದ, ಶಾಯಿ ತಾಗಿದ, ಸ್ಟೇಪ್ಲರ್ ಪಿನ್ನಿನ ತೂತು ಇರುವ ನೋಟನ್ನು ತಿರುಗಿಸಿ ಕೊಟ್ಟುಬಿಡುತ್ತಾರೆ. ಕೌಂಟರಿನಲ್ಲೇ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ನಡುವೆ ನೀಲಿ ಪಟ್ಟಿ ಇರುವ ಹೊಸ 100 ಡಾಲರ್ ನೋಟನ್ನೇ ಕೇಳಿ. ಅದು 2013ರಿಂದ ಚಲಾವಣೆಯಲ್ಲಿದೆ. ಹಳೆಯದನ್ನು ತೆಗೆದುಕೊಳ್ಳಲು ಎಷ್ಟೋ ಕಡೆ ಮೂಗು ಮುರಿಯುತ್ತಾರೆ.

ನೇಪಾಳ, ಭೂತಾನದ ಮಾತೇ ಬೇರೆ. ಭೂತಾನದ ನ್ಗುಲ್ಟ್ರಮ್ ನಮ್ಮ ರೂಪಾಯಿಗೆ ಸಮ. ನೇಪಾಳದಲ್ಲಿ 1993ರಿಂದ ನಮ್ಮ 1 ರೂಪಾಯಿಗೆ ಅವರ 1.60 ರೂಪಾಯಿ ಎಂದು ಗಟ್ಟಿ ಮಾಡಿದ್ದಾರೆ. ಮುಕ್ತಿನಾಥಕ್ಕೆ, ಪಶುಪತಿನಾಥಕ್ಕೆ ಹೋಗುವವರಿಗೆ ನಾನು ಹೇಳುವುದು ಇಷ್ಟೇ: 100ರ ನೋಟಿನ ಕಟ್ಟು ಒಯ್ಯಿರಿ. ಮುಂದೆ ಹೇಳುವ ಫಾರೆಕ್ಸ್ ಕಾರ್ಡು ನೇಪಾಳ, ಭೂತಾನದಲ್ಲಿ ನಡೆಯುವುದಿಲ್ಲ. ಇದನ್ನು ತಿಳಿಯದೆ ಕಾರ್ಡು ಮಾಡಿಸಿಕೊಂಡು ಹೋದವರನ್ನು ಕಂಡಿದ್ದೇನೆ.

ಅಲ್ಲಿಯ ಗಡಿ ದಾಟುವಾಗಲೂ ನಿಯಮ ಇದೆ. ಅಮೆರಿಕಕ್ಕೆ 10,000 ಡಾಲರ್‌ಗಿಂತ ಜಾಸ್ತಿ, ಯುರೋಪ್ ಒಕ್ಕೂಟಕ್ಕೆ 10,000 ಯೂರೋ ಅಥವಾ ಅದಕ್ಕಿಂತ ಜಾಸ್ತಿ ನಗದು ತಂದರೆ ಬರೆದು ತಿಳಿಸಬೇಕು. ತಂದದ್ದು ತಪ್ಪಲ್ಲ. ತಿಳಿಸದಿರುವುದು ತಪ್ಪು.

ಅಜ್ಜನ ಹುಂಡಿಯಿಂದ ಫಾರೆಕ್ಸ್ ಕಾರ್ಡಿಗೆ

ನಮ್ಮ ಅಜ್ಜ ಗದಗದಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದರು. ಮುಂಬೈಗೆ ಹೋಗುವಾಗ ರೊಕ್ಕದ ಗಂಟು ಒಯ್ಯುತ್ತಿರಲಿಲ್ಲ. ಹುಬ್ಬಳ್ಳಿಯ ಸಾವಕಾರರ ಹತ್ತಿರ ರೊಕ್ಕ ಕಟ್ಟಿ ಹುಂಡಿ ಬರೆಸಿಕೊಳ್ಳುತ್ತಿದ್ದರಂತೆ. ಅಲ್ಲಿಯ ಪೇಟೆಯಲ್ಲಿ ಆ ಚೀಟಿ ತೋರಿಸಿದರೆ ರೊಕ್ಕ ಕೈಗೆ. ತೋರಿಸಿದ ಕೂಡಲೇ ಕೊಡುವುದು ದರ್ಶನಿ ಹುಂಡಿ. ಗೊತ್ತು ಮಾಡಿದ ದಿನಕ್ಕೆ ಕೊಡುವುದು ಮುದ್ದತಿ ಹುಂಡಿ. ರೊಕ್ಕ ಇಲ್ಲಿ, ನಂಬಿಕೆ ಅಲ್ಲಿ, ದಾರಿಯಲ್ಲಿ ಬರೀ ಒಂದು ಕಾಗದ. 1891ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ ಹೊರತಂದ ಟ್ರಾವೆಲರ್ಸ್ ಚೆಕ್ಕೂ ಇದೇ ಯೋಚನೆಯದು. ನಾನು ಕೆಲಸಕ್ಕೆ ಸೇರಿದಾಗ ಜನ ನಮ್ಮ ಮುಂದೆ ಕೂತು ಒಂದೊಂದು ಚೆಕ್ಕಿಗೂ ಸಹಿ ಹಾಕುತ್ತಿದ್ದರು. ಈಗ ಅದು ಹೆಚ್ಚುಕಡಿಮೆ ಮಾಯವಾಗಿದೆ. ಅದರ ಜಾಗಕ್ಕೆ ಬಂದದ್ದೇ ಫಾರೆಕ್ಸ್ ಕಾರ್ಡ್.

ಇಲ್ಲಿ ರೂಪಾಯಿ ಕೊಟ್ಟು ಕಾರ್ಡಿಗೆ ಡಾಲರೋ ಯೂರೋನೋ ತುಂಬಿಸುತ್ತೀರಿ. ತುಂಬಿಸಿದ ದಿನದ ದರವೇ ಕೊನೆಯವರೆಗೂ. ಆಮೇಲೆ ರೂಪಾಯಿ ಇಳಿದರೂ ನಿಮಗೆ ಚಿಂತೆ ಇಲ್ಲ. ಅಂಗಡಿಯಲ್ಲಿ ಉಜ್ಜಿದಾಗ ಡಾಲರಿನಿಂದ ಡಾಲರೇ ಹೋಗುತ್ತದೆ. ಮತ್ತೆ ಬಣ್ಣ ಬದಲಾಗುವುದಿಲ್ಲ. ನೋಟಿಗಿಂತ ಕಾರ್ಡಿಗೆ ತುಂಬಿಸುವ ದರ ಸಾಮಾನ್ಯವಾಗಿ ಸ್ವಲ್ಪ ಒಳ್ಳೆಯದು. ಯಾಕೆಂದರೆ ನೋಟನ್ನು ತರಿಸಿ, ಕಾದಿಟ್ಟು, ವಿಮೆ ಮಾಡಿಸುವ ಖರ್ಚು ಬ್ಯಾಂಕಿಗೆ ಇರುವುದಿಲ್ಲ. ಕಾರ್ಡು ಕಳೆದರೆ ಆಪ್‌ನಲ್ಲಿ ಬೀಗ ಹಾಕಬಹುದು. ಮನೆಯವರು ಇಲ್ಲಿಂದಲೇ ಮತ್ತೆ ತುಂಬಿಸಬಹುದು. ಹಿರಿಯರಿಗೆ, ಓದಲು ಹೋಗುವ ಮಕ್ಕಳಿಗೆ ನಾನು ಇದನ್ನೇ ಹೇಳುವುದು.

ಎಡವುವುದು ಎಲ್ಲಿ ಗೊತ್ತಾ? ಡಾಲರ್ ತುಂಬಿದ ಕಾರ್ಡನ್ನು ಥಾಯ್ಲೆಂಡಿನಲ್ಲೋ ಸ್ವಿಟ್ಜರ್ಲೆಂಡಿನಲ್ಲೋ ಉಜ್ಜಿದರೆ ಒಳಗೇ ಮತ್ತೆ ಬದಲಾವಣೆ ಆಗುತ್ತದೆ. ಅದಕ್ಕೆ ಶೇ. 2ರಿಂದ 3.5ರವರೆಗೆ ಹಿಡಿಯುವವರಿದ್ದಾರೆ. ನೀವು ಹೋಗುವ ದೇಶದ ಹಣವೇ ಕಾರ್ಡಿನಲ್ಲಿ ಇರಬೇಕು. ಇನ್ನೊಂದು, ಹೋಟೆಲಿನವರು, ಬಾಡಿಗೆ ಕಾರಿನವರು ಠೇವಣಿ ಅಂತ ಒಂದು ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಫಾರೆಕ್ಸ್ ಕಾರ್ಡು ಕೊಟ್ಟರೆ ನಿಮ್ಮದೇ ರೊಕ್ಕ ದಿನಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತದೆ. ಠೇವಣಿಗೆ ಕ್ರೆಡಿಟ್ ಕಾರ್ಡೇ ಸರಿ.

ಕ್ರೆಡಿಟ್ ಕಾರ್ಡಿನ ಲೆಕ್ಕ ಹೀಗೆ. 100 ಡಾಲರಿನ ವಸ್ತು ಕೊಂಡಿರಿ. 90ರ ದರದಲ್ಲಿ 9,000 ರೂಪಾಯಿ. ಅದರ ಮೇಲೆ ಬ್ಯಾಂಕು ಹಾಕುವ ಮಾರ್ಕಪ್ ಶೇ. 3.5 ಎಂದುಕೊಂಡರೆ 315. ಆ 315ರ ಮೇಲೆ ಶೇ. 18 ಜಿಎಸ್‌ಟಿ, 56 ರೂಪಾಯಿ 70 ಪೈಸೆ. ಒಟ್ಟು 9,371 ರೂಪಾಯಿ 70 ಪೈಸೆ. ಮಾರ್ಕಪ್ ಇಲ್ಲದ ಕಾರ್ಡುಗಳೂ ಈಗ ಬಂದಿವೆ. ಅಂಥದ್ದು ಇದ್ದರೆ ಫಾರೆಕ್ಸ್ ಕಾರ್ಡಿಗಿಂತಲೂ ಅಗ್ಗ ಬೀಳಬಹುದು. ಆದರೆ ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದು ಮಾತ್ರ ಬೇಡವೇ ಬೇಡ. ಅವತ್ತಿನಿಂದಲೇ ಬಡ್ಡಿ ಓಡುತ್ತದೆ, ಶುಲ್ಕ ಬೇರೆ.

ಮಷೀನು ಕೇಳುವ ಪ್ರಶ್ನೆ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ಸಿಂಗಪುರದ ಒಂದು ಅಂಗಡಿಯಲ್ಲಿ ನಮ್ಮ ಮನೆಯವರು ಮೊಮ್ಮಗನಿಗೆ ಗಡಿಯಾರ ಕೊಂಡರು. 200 ಸಿಂಗಪುರ ಡಾಲರ್. ಹುಡುಗಿ ಕಾರ್ಡು ತೂರಿಸಿದಳು. ಮಷೀನಿನ ಸಣ್ಣ ತೆರೆಯ ಮೇಲೆ ಎರಡು ಸಾಲು ಬಂದವು. ಮೇಲೆ 200 ಸಿಂಗಪುರ ಡಾಲರ್. ಕೆಳಗೆ 13,100 ರೂಪಾಯಿ ಚಿಲ್ಲರೆ. "ನಿಮ್ಮ ರೂಪಾಯಿಯಲ್ಲೇ ಆಗಲಾ ಸರ್?" ಎಂದು ನಗುತ್ತಾ ಕೇಳಿದಳು. ಇವರು ತಲೆ ಆಡಿಸಿದರು. ಪರ ಊರಿನಲ್ಲಿ ರೂಪಾಯಿ ಅಂತ ಕಂಡರೆ ಯಾರಿಗಾದರೂ ಮನೆ ಕಂಡಂತೆ ಆಗುತ್ತದೆ. ನಾನು ಹಿಂದೆ ನಿಂತಿದ್ದೆ, ಬಾಯಿ ತೆರೆಯುವಷ್ಟರಲ್ಲಿ ಚೀಟಿ ಹೊರಗೆ ಬಂತು. ಆ ದಿನದ ದರ ಸುಮಾರು 62. ಅಂದರೆ 12,400 ಆಗಬೇಕಿತ್ತು. 700 ರೂಪಾಯಿ ಒಂದು ತಲೆಯಾಟಕ್ಕೆ ಹೋಯಿತು. ತಿಂಗಳ ಬಿಲ್ಲಿನಲ್ಲಿ, ವಿದೇಶದ ಅಂಗಡಿಯಲ್ಲಿ ರೂಪಾಯಿ ವ್ಯವಹಾರ ಮಾಡಿದ್ದಕ್ಕೆ ಅಂತ ನಮ್ಮ ಬ್ಯಾಂಕಿನ ಶುಲ್ಕ ಬೇರೆ ಬಂದಿತ್ತು.

ಇದಕ್ಕೆ ಡಿಸಿಸಿ ಎನ್ನುತ್ತಾರೆ, ಡೈನಮಿಕ್ ಕರೆನ್ಸಿ ಕನ್ವರ್ಷನ್. ರೂಪಾಯಿಗೆ ಬದಲಾಯಿಸುವ ಕೆಲಸವನ್ನು ನಿಮ್ಮ ಬ್ಯಾಂಕಿನ ಬದಲು ಆ ಅಂಗಡಿಯ ಮಷೀನಿನವರು ಮಾಡುತ್ತಾರೆ. ದರ ಅವರದು. ಟವೆಲ್ಲೂ ಅವರದು. ಯಾವಾಗಲೂ ಆ ದೇಶದ ಹಣವನ್ನೇ ಆರಿಸಿ. ಫಾರೆಕ್ಸ್ ಕಾರ್ಡಿನಲ್ಲಿ ಅದೇ ದೇಶದ ಹಣ ತುಂಬಿದ್ದರಂತೂ ರೂಪಾಯಿ ಒತ್ತಬೇಡಿ, ಹೋಗಿ ಬಂದು ಎರಡು ಸಲ ಬದಲಾಗುತ್ತದೆ.

ಎಟಿಎಂನಲ್ಲಿ ಇದೇ ಪ್ರಶ್ನೆ ಇನ್ನೊಂದು ವೇಷದಲ್ಲಿ ಬರುತ್ತದೆ. "ಅಕ್ಸೆಪ್ಟ್ ಕನ್ವರ್ಷನ್", "ಡಿಕ್ಲೈನ್ ಕನ್ವರ್ಷನ್" ಎಂದು ಎರಡು ಗುಂಡಿ. ಡಿಕ್ಲೈನ್ ಒತ್ತಿದರೆ ರೊಕ್ಕವೇ ಬರುವುದಿಲ್ಲವೇನೋ ಎಂದು ಜನ ಹೆದರಿ ಅಕ್ಸೆಪ್ಟ್ ಒತ್ತುತ್ತಾರೆ. ಧೈರ್ಯವಾಗಿ ಡಿಕ್ಲೈನ್ ಒತ್ತಿ. ಅವರ ದರ ಬೇಡ ಎಂದಷ್ಟೇ ಅದರ ಅರ್ಥ. ರೊಕ್ಕ ಬಂದೇ ಬರುತ್ತದೆ, ನಿಮ್ಮ ಬ್ಯಾಂಕಿನ ದರದಲ್ಲಿ. ವಿಮಾನ, ಹೋಟೆಲು ಕಾದಿರಿಸುವ ವೆಬ್‌ಸೈಟುಗಳೂ ಕೆಲವು ಸಲ ಸುಮ್ನೆ ರೂಪಾಯಿಯನ್ನೇ ಮುಂದೆ ಇಟ್ಟಿರುತ್ತವೆ. ಅಲ್ಲೂ ನೋಡಿಕೊಳ್ಳಿ.

ಎಟಿಎಂನ ಇನ್ನೊಂದು ಗುಟ್ಟು, ಎಷ್ಟು ಸಲ ತೆಗೆಯುತ್ತೀರಿ ಎನ್ನುವುದು. ಥಾಯ್ಲೆಂಡಿನ ಎಟಿಎಂಗಳು ವಿದೇಶಿ ಕಾರ್ಡಿಗೆ ಸಾಮಾನ್ಯವಾಗಿ ಸಲಕ್ಕೆ ಇಷ್ಟು ಅಂತ ಹಿಡಿಯುತ್ತವೆ. ಅದು 220 ಬಾತ್ ಎಂದುಕೊಳ್ಳೋಣ. 1,000 ಬಾತ್ ತೆಗೆದರೂ ಅಷ್ಟೇ, 10,000 ತೆಗೆದರೂ ಅಷ್ಟೇ. ಮೊದಲನೆಯದರಲ್ಲಿ ನೂರಕ್ಕೆ 22 ಹೋಯಿತು, ಎರಡನೆಯದರಲ್ಲಿ ನೂರಕ್ಕೆ 2.20. ನಮ್ಮ ಬ್ಯಾಂಕಿನ ಶುಲ್ಕ ಇದರ ಮೇಲೆ. ದಿನಾ ಸ್ವಲ್ಪ ಸ್ವಲ್ಪ ತೆಗೆಯುವ ಊರಿನ ರೂಢಿ ಅಲ್ಲಿ ಬೇಡ. ತೆಗೆಯುವುದನ್ನು ಒಂದೆರಡು ಸಲದಲ್ಲೇ ಮುಗಿಸಿ.

ಸ್ಕ್ಯಾನ್ ಮಾಡಿ ಕೊಡೋಣ ಎಂದರೆ

ಯುಪಿಐ 2016ರಲ್ಲಿ ಶುರುವಾಯಿತು. ಹೊರದೇಶದಲ್ಲಿ ಮೊದಲು ಕಾಲಿಟ್ಟದ್ದು ಭೂತಾನದಲ್ಲಿ, 2021ರ ಜುಲೈಯಲ್ಲಿ. 2024ರ ಫೆಬ್ರವರಿಯಲ್ಲಿ ಪ್ಯಾರಿಸ್‌ನ ಐಫೆಲ್ ಟವರ್‌ಗೆ ಬಂತು. ಅದೇ ತಿಂಗಳು ಶ್ರೀಲಂಕಾ, ಮಾರಿಷಸ್‌ಗೆ. ನೇಪಾಳ, ಯುಎಇ, ಸಿಂಗಪುರದಲ್ಲೂ ಕೆಲವು ಅಂಗಡಿಗಳಲ್ಲಿ ನಡೆಯುತ್ತದೆ. ಆಪ್‌ನಲ್ಲಿ ಅಂತರರಾಷ್ಟ್ರೀಯ ಯುಪಿಐ ಎಂಬುದನ್ನು ಮೊದಲೇ ಚಾಲೂ ಮಾಡಿಕೊಂಡಿರಬೇಕು. ಪಿನ್ ಒತ್ತುವ ಮುಂಚೆ ತೆರೆಯ ಮೇಲೆ ರೂಪಾಯಿ ಮೊತ್ತ ಕಾಣುತ್ತದೆ. ಅದು ನನಗೆ ಹಿಡಿಸಿದ ಗುಣ. ಆದರೆ ನಮ್ಮ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರಮಿಟ್ಟಿಗೆ ಸ್ಕ್ಯಾನ್ ಮಾಡಿದ ಹಾಗೆ ಎಲ್ಲ ಕಡೆ ನಡೆಯುತ್ತದೆ ಎಂದು ನಂಬಿ ಹೋಗಬೇಡಿ.

ಹೊರಡುವ ಹಿಂದಿನ ವಾರ

ಧಾರವಾಡದ ಸಪ್ತಾಪುರದ ಪರಿಚಯದ ಹುಡುಗರು ಬ್ಯಾಂಕಾಕಿಗೆ ಹೋಗಿದ್ದರು. ರಾತ್ರಿ ಹನ್ನೊಂದಕ್ಕೆ ಫೋನು. "ಕಾಕೂ, ಕಾರ್ಡ್ ನಡೀವಲ್ದು. ಹೋಟೆಲ್‌ನವರು ರೂಮಿನ ಕೀಲಿ ಕೊಡವಲ್ರು." ಖಾತೆಯಲ್ಲಿ ರೊಕ್ಕ ಇತ್ತು. ಆದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರಿಂದ ಹೊಸ ಕಾರ್ಡುಗಳು ಬರುವಾಗ ದೇಶದ ಒಳಗಷ್ಟೇ ನಡೆಯುವಂತೆ ಬರುತ್ತವೆ. ವಿದೇಶದ ಬಳಕೆಯನ್ನು ನಾವೇ ಆಪ್‌ನಲ್ಲಿ ಚಾಲೂ ಮಾಡಬೇಕು. ಚಾಲೂ ಮಾಡಲು ಒಟಿಪಿ ಬೇಕು. ಒಟಿಪಿ ಬರುವ ಸಿಮ್ಮಿಗೆ ರೋಮಿಂಗ್ ಇರಲಿಲ್ಲ. ಒಂದರ ಕೊಂಡಿಗೆ ಇನ್ನೊಂದು ಸಿಕ್ಕಿಹಾಕಿಕೊಂಡಿತ್ತು. ಕೊನೆಗೆ ಒಬ್ಬನ ಹತ್ತಿರ ಇದ್ದ 300 ಡಾಲರ್ ನೋಟು ಎಲ್ಲರನ್ನೂ ಕಾಪಾಡಿತು.

ಆದ್ದರಿಂದ ಊರಲ್ಲಿರುವಾಗಲೇ ಕಾರ್ಡಿನ ವಿದೇಶ ಬಳಕೆ ಚಾಲೂ ಮಾಡಿ, ದಿನದ ಮಿತಿ ನೀವೇ ಇಡಿ. ವಿದೇಶದ ಎಷ್ಟೋ ವೆಬ್‌ಸೈಟುಗಳು ಒಟಿಪಿ ಕೇಳದೆಯೇ ರೊಕ್ಕ ಎಳೆದುಕೊಳ್ಳುತ್ತವೆ, ಹಾಗಾಗಿ ಮಿತಿ ಮುಖ್ಯ. ಬ್ಯಾಂಕಿಗೆ ಜೋಡಿಸಿದ ಸಿಮ್ಮಿಗೆ ರೋಮಿಂಗ್ ಹಾಕಿಸಿ. ಅಲ್ಲಿಯ ಹೊಸ ಸಿಮ್ ಕೊಂಡ ಖುಷಿಯಲ್ಲಿ ಇದನ್ನು ತೆಗೆದು ಎಲ್ಲೋ ಇಟ್ಟುಬಿಡಬೇಡಿ. ಪಿಂಚಣಿ ಖಾತೆಗಳಿಗೆ ಕೊಡುವ ರುಪೇ ಕಾರ್ಡುಗಳಲ್ಲಿ ಒಳನಾಡಿಗೆ ಮಾತ್ರ ನಡೆಯುವವೂ ಇವೆ. ನಿಮ್ಮದು ಯಾವುದು ಎಂದು ಶಾಖೆಯಲ್ಲಿ ಕೇಳಿ.

ರೊಕ್ಕವನ್ನು ಒಂದೇ ಕಡೆ ಇಡಬೇಡಿ. ಗಂಡ ಹೆಂಡತಿ ಹೋಗುವುದಾದರೆ ಒಂದು ಕಾರ್ಡು ಅವರ ಕಿಸೆಯಲ್ಲಿ, ಇನ್ನೊಂದು ಇವರ ಪರ್ಸಿನಲ್ಲಿ, ಸ್ವಲ್ಪ ನೋಟು ಹೋಟೆಲಿನ ತಿಜೋರಿಯಲ್ಲಿ. ಬ್ಯಾಂಕಿನ ಸಹಾಯವಾಣಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಫೋನೇ ಕಳೆದರೆ ಫೋನಿನಲ್ಲಿರುವ ಸಂಖ್ಯೆ ಉಪಯೋಗಕ್ಕೆ ಬಾರದು. ಕಾರ್ಡಿನಲ್ಲಿ ಮೂರನೆಯವರಿಂದ ಮೋಸ ಆದರೆ, ನಿಮ್ಮ ಕಡೆಯಿಂದ ತಪ್ಪಿಲ್ಲದಿದ್ದರೆ, ಮೂರು ಕೆಲಸದ ದಿನಗಳ ಒಳಗೆ ತಿಳಿಸಿದರೆ ನಷ್ಟ ನಿಮ್ಮದಾಗುವುದಿಲ್ಲ. ಇದು ರಿಸರ್ವ್ ಬ್ಯಾಂಕ್ 2017ರಲ್ಲಿ ಹೇಳಿದ್ದು. ತಡಮಾಡಿದಷ್ಟೂ ಹೊರೆ ನಿಮ್ಮ ಮೇಲೆ.

ಅಮೆರಿಕಕ್ಕೆ ಹೋಗುವ ಹಿರಿಯರಿಗೆ ಇನ್ನೊಂದು ಮಾತು ಹೇಳದೆ ಇರಲಾರೆ. ಆರೋಗ್ಯ ವಿಮೆ ಇಲ್ಲದೆ ವಿಮಾನ ಹತ್ತಬೇಡಿ. ಅಲ್ಲಿ ಆಸ್ಪತ್ರೆಯ ಒಂದು ರಾತ್ರಿಯ ಮುಂದೆ ಈ ದರ, ಮಾರ್ಕಪ್ ಎಲ್ಲ ಏನೂ ಅಲ್ಲ.

ಅಕ್ಕನಿಗೆ ಕೊನೆಗೆ ಹೀಗೆ ಮಾಡಿಕೊಟ್ಟೆ. 600 ಡಾಲರ್ ನೋಟು, ಅದರಲ್ಲಿ ಒಂದಿಷ್ಟು 10ರವು, 20ರವು. 700 ಡಾಲರ್ ತುಂಬಿದ ಫಾರೆಕ್ಸ್ ಕಾರ್ಡು. ಭಾವನ ಕಿಸೆಯಲ್ಲಿ ಒಂದು ಕ್ರೆಡಿಟ್ ಕಾರ್ಡು. ಬೆಂಗಳೂರಿನಿಂದ ಗದಗಕ್ಕೆ ಮರಳಲು 5,000 ರೂಪಾಯಿ, ಪಾಸ್‌ಪೋರ್ಟಿನ ಚೀಲದಲ್ಲಿ ಬೇರೆಯಾಗಿ.

ಆರು ತಿಂಗಳ ಮೇಲೆ ಬಂದಳು. ಮೊಮ್ಮಗಳ ಫೋಟೊ ಎಲ್ಲ ತೋರಿಸಿ ಆದ ಮೇಲೆ ಅದೇ ಇಳಕಲ್ ತುಂಡು ಬಿಚ್ಚಿದಳು. ಒಳಗೆ 410 ಡಾಲರ್. "ಇದನ್ನ ಈಗ ಮಾರಬೇಕೇನು?" ಎಂದಳು. ಉಳಿದ ನೋಟನ್ನು ಬಂದ 180 ದಿನಗಳ ಒಳಗೆ ಬ್ಯಾಂಕಿಗೆ ಕೊಡಬೇಕು ಎಂಬ ನಿಯಮ ಇದೆ. ಆದರೆ 2,000 ಡಾಲರ್‌ವರೆಗೆ ಮುಂದಿನ ಪ್ರಯಾಣಕ್ಕೆ ಅಂತ ಇಟ್ಟುಕೊಳ್ಳಬಹುದು. ಎರಡನೇ ಮಗಳೂ ಅಲ್ಲೇ ಇದ್ದಾಳೆ. ಈಗ 87ಕ್ಕೆ ಮಾರಿ, ನಾಳೆ ಮತ್ತೆ 93ಕ್ಕೆ ಕೊಂಡರೆ ಡಾಲರಿಗೆ 6 ರೂಪಾಯಿ ಹೋಯಿತಲ್ಲ ಎಂದು ಹೇಳಿದೆ. ಅಕ್ಕ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಎರಡೂವರಿ ಸಾವಿರ ಟವೆಲ್ ಕೆಳಗ ಹೋತಲ್ಲವಾ" ಎಂದು ಗಂಟನ್ನು ಮತ್ತೆ ಬಿಗಿದಳು.